ನಗಿಸಿದವರಿಗೆ ಸಂದ ಮನ್ನಣೆ: ವಾಗ್ಲೆಯಿಂದ ಜೇಠಾಲಾಲ್‌ವರೆಗೆ

1988ರಲ್ಲಿ ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಗೆ 150 ವರ್ಷ ತುಂಬಿದ ನೆನಪಿಗೆ ಅಂಚೆ ಇಲಾಖೆ ಒಂದು ಚೀಟಿ ಹೊರತಂದಿತು. ಅದರ ಮೇಲಿದ್ದವನು ಮೈಸೂರಿನ ಆರ್.ಕೆ. ಲಕ್ಷ್ಮಣ್ 1951ರಿಂದ ಬರೆಯುತ್ತ ಬಂದಿದ್ದ ಶ್ರೀಸಾಮಾನ್ಯ. ಅದೇ ವರ್ಷ ಲಕ್ಷ್ಮಣರ ಕಲ್ಪನೆಯ ಇನ್ನೊಬ್ಬ ಸಾಮಾನ್ಯ, ಗುಮಾಸ್ತ ಶ್ರೀನಿವಾಸ ವಾಗ್ಲೆ, ಕುಂದನ್ ಶಾ ನಿರ್ದೇಶನದ 'ವಾಗ್ಲೆ ಕೀ ದುನಿಯಾ' ಮೂಲಕ ದೂರದರ್ಶನಕ್ಕೆ ಬಂದ. ಒಂದೇ ವಾಹಿನಿಯ ಕಾಲವದು. ಪುಣೆ ಜಿಲ್ಲೆಯ ಇಂದಾಪುರದಲ್ಲಿ ಟಿ.ವಿ. ಇದ್ದ ಮನೆಗೂ ಧಾರವಾಡದಲ್ಲಿ ಇದ್ದ ಮನೆಗೂ ರಾತ್ರಿಯ ರಾಷ್ಟ್ರೀಯ ಕಾರ್ಯಕ್ರಮ ಒಂದೇ.

ವಾಗ್ಲೆಯಾದವರು ಅಂಜನ್ ಶ್ರೀವಾಸ್ತವ್. ಇಪ್ಟಾ ರಂಗತಂಡದ ನಟ, ಜೊತೆಗೆ ಅಲಹಾಬಾದ್ ಬ್ಯಾಂಕಿನ ನೌಕರ. ಕಚೇರಿಯ ಬದುಕು ಅವರಿಗೆ ಕಲಿತು ಆಡುವ ಸಂಗತಿಯಾಗಿರಲಿಲ್ಲ. ಒಂದು ಕಂತಿನಲ್ಲಿ ಕಾರೊಂದು ವಾಗ್ಲೆಗೆ ಗುದ್ದುತ್ತದೆ. ಕಾರು ಓಡಿಸುತ್ತಿದ್ದ ಹುಡುಗ, ಆಗಿನ್ನೂ ಹೆಸರು ಮಾಡದ ಶಾರುಖ್ ಖಾನ್. ಅಂಥ ಸಣ್ಣ ಪೇಚಾಟಗಳೇ ಧಾರಾವಾಹಿಯ ಜೀವ. ಆದರೆ ಅಂಥ ನಟನೆಯನ್ನು ವರ್ಷವರ್ಷವೂ ಗುರುತಿಸುವ ಟಿ.ವಿ. ಪ್ರಶಸ್ತಿಗಳು ಇನ್ನೂ ಬೇರೂರಿರಲಿಲ್ಲ. ಇಂಡಿಯನ್ ಟೆಲಿ ಅವಾರ್ಡ್ಸ್ ಮತ್ತು ಇಂಡಿಯನ್ ಟೆಲಿವಿಷನ್ ಅಕಾಡೆಮಿಯ ಐಟಿಎ ಪ್ರಶಸ್ತಿ, ಎರಡೂ ಶುರುವಾದದ್ದು 2001ರಲ್ಲಿ.

ಹಾಗಾಗಿ ಮೊದಲ ತಲೆಮಾರಿನ ಮನ್ನಣೆ ಬಹುಪಾಲು ಕಾಗದದ ದಾರಿಯಲ್ಲೇ ಬಂತು. ಲಕ್ಷ್ಮಣರಿಗೆ 1984ರಲ್ಲಿ ಮ್ಯಾಗ್ಸೆಸೆ, 2005ರಲ್ಲಿ ಪದ್ಮವಿಭೂಷಣ. ಪುಣೆಯ ಸಿಂಬಯೋಸಿಸ್ ಆವರಣದಲ್ಲಿ ಶ್ರೀಸಾಮಾನ್ಯನ ಕಂಚಿನ ಪ್ರತಿಮೆಯೇ ನಿಂತಿತು. ಲಕ್ಷ್ಮಣರು ಕೊನೆಯುಸಿರೆಳೆದದ್ದೂ ಪುಣೆಯಲ್ಲೇ, 2015ರ ಜನವರಿ 26ರಂದು. ಅದೇ ವರ್ಷ ಪದ್ಮಶ್ರೀ ಪಡೆದ ತಾರಕ್ ಮೆಹ್ತಾ ಕೂಡ ಪತ್ರಿಕೆಯವರು. 1971ರಲ್ಲಿ 'ಚಿತ್ರಲೇಖಾ' ವಾರಪತ್ರಿಕೆಯಲ್ಲಿ ಅವರು ಆರಂಭಿಸಿದ ಅಂಕಣವೇ 2008ರ ಜುಲೈ 28ರಂದು ಸಬ್ ವಾಹಿನಿಯಲ್ಲಿ 'ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ' ಆಯಿತು.

ಅದರ ಜೇಠಾಲಾಲ್, ದಿಲೀಪ್ ಜೋಶಿ, ಬಂದದ್ದು ಗುಜರಾತಿ ರಂಗಭೂಮಿಯಿಂದ. 1989ರ 'ಮೈನೆ ಪ್ಯಾರ್ ಕಿಯಾ' ಚಿತ್ರದಲ್ಲಿ ಮನೆಯಾಳಿನ ಚಿಕ್ಕ ಪಾತ್ರ ಮಾಡಿದ್ದ ಈ ನಟನಿಗೆ ಟೆಲಿ ಮತ್ತು ಐಟಿಎ ಪ್ರಶಸ್ತಿಗಳು ಮತ್ತೆ ಮತ್ತೆ ಸಂದಿವೆ. ಸಂದದ್ದು ಹಾಸ್ಯಕ್ಕೆಂದೇ ಮೀಸಲಾದ ವಿಭಾಗದಲ್ಲಿ. ಈ ವಿಭಾಗ ಹಾಸ್ಯನಟನಿಗೆ ವೇದಿಕೆ ಕೊಟ್ಟಿತು ನಿಜ, ಆದರೆ 'ಅತ್ಯುತ್ತಮ ನಟ' ಎಂಬ ಪಂಕ್ತಿಯಿಂದ ಅವನನ್ನು ಬೇರೆ ಕೂರಿಸಿತು ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪ್ರಶಸ್ತಿ ಅಳೆಯುವುದು ಒಂದು ವರ್ಷವನ್ನು. ದೈನಿಕ ಹಾಸ್ಯದ ನಟ ಮಾಡುವುದೋ, ಅದೇ ಅಂಗಡಿ, ಅದೇ ಅಪ್ಪ, ಅದೇ ನೆರೆಹೊರೆಯ ನಡುವೆ ಅದೇ ಪಾತ್ರವನ್ನು ಸಾವಿರಾರು ಕಂತು ಹಳಸದಂತೆ ಕಾಯುವುದು. ಆ ಕಸುಬಿಗೆ ತಕ್ಕ ಅಳತೆಗೋಲು ನಮ್ಮಲ್ಲಿ ಇನ್ನೂ ತಯಾರಾಗಿಲ್ಲ.

ದೀರ್ಘಾಯುಷ್ಯಕ್ಕೆ ಮನ್ನಣೆ ಬೇರೆ ರೂಪದಲ್ಲಿ ಬಂದದ್ದುಂಟು. 2021ರ ಫೆಬ್ರವರಿ 8ರಂದು ವಾಗ್ಲೆ ಸಂಸಾರ ಸೋನಿ ಸಬ್‌ನಲ್ಲಿ ಮರಳಿತು. ಮಗ ರಾಜೇಶನಾಗಿ ಸುಮೀತ್ ರಾಘವನ್. ಮುದಿ ತಂದೆತಾಯಿಯಾಗಿ ಅದೇ ಅಂಜನ್ ಶ್ರೀವಾಸ್ತವ್, ಮೊದಲೂ ವಾಗ್ಲೆಯ ಹೆಂಡತಿಯಾಗಿದ್ದ ಅದೇ ಭಾರತಿ ಆಚ್ರೇಕರ್. ಕನ್ನಡದಲ್ಲೂ ಹೀಗೇ ಆಯಿತು. ಈಟಿವಿಯಲ್ಲಿ ಸಿಹಿಕಹಿ ಚಂದ್ರು ಕಟ್ಟಿದ 'ಪಾಪ ಪಾಂಡು' 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂದಾಗ ಪಾಂಡು, ಶ್ರೀಮತಿಯರಾಗಿ ಚಿದಾನಂದ್ ಮತ್ತು ಶಾಲಿನಿಯವರೇ ಇದ್ದರು. 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠಲ್ ರಾವ್ ಎಂದರೆ ಇಂದಿಗೂ ಜನರಿಗೆ ನೆನಪಾಗುವುದು ರವಿಶಂಕರ್ ಮುಖವೇ. ಈ ಧಾರಾವಾಹಿಗಳ ಬರಹಗಾರರು, ನಟರು, ತಂತ್ರಜ್ಞರ ಮಾತುಗಳನ್ನು ಅವರು ನಮ್ಮೊಡನಿರುವಾಗಲೇ ದಾಖಲಿಸಿಕೊಳ್ಳುವ ಕೆಲಸವನ್ನು ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳು ಕೈಗೆತ್ತಿಕೊಳ್ಳಬೇಕು.