ಘಟ್ಟ ಹತ್ತಿ ಬಂದ ಖುಬಾನಿ

ಹೋದ ಡಿಸೆಂಬರಿನಲ್ಲಿ ಅಪ್ಪನಿಗೆ 60 ತುಂಬಿತು. ಕಲಬುರಗಿಯಿಂದ ಹನ್ನೊಂದು ಜನ ರೈಲಿನಲ್ಲಿ ಪುಣೆಗೆ ಬಂದರು. ಎಲ್ಲರೂ ಕೂಡಿ ಲೋಕಲ್ ಹಿಡಿದು ಲೋಣಾವಳಾಕ್ಕೆ ಹೋದೆವು. ಎರಡು ದಿನಕ್ಕೆ ಅಲ್ಲೊಂದು ಹಳೆಯ ಬಂಗಲೆ ಬಾಡಿಗೆಗೆ ಹಿಡಿದಿದ್ದೆ. ಅವ್ವ ಹೋಳಿಗೆ ಮಾಡುವುದೆಂದು ಮೊದಲೇ ಗೊತ್ತಾಗಿತ್ತು. ಅಪ್ಪ ಮಾತ್ರ ವಾರದ ಹಿಂದೆ ಫೋನಿನಲ್ಲಿ, ದನಿ ತಗ್ಗಿಸಿ, "ಖುಬಾನಿ ಕಾ ಮೀಠಾ ಮಾಡ್ತಿ ಏನು?" ಎಂದು ಕೇಳಿದ್ದರು.

ನಮ್ಮ ಮನೆಯಲ್ಲಿ ಖುಬಾನಿ ಮಾಡುವುದಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಅದನ್ನು ಒಳಗೆ ಬಿಟ್ಟವಳಲ್ಲ. ಊರಿನ ಮದುವೆಗಳಲ್ಲಿ ತಿಂದು ಬಂದರೂ ನಾವು ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. 1948ರ ಗಲಭೆಯಲ್ಲಿ ಊರು ಬಿಟ್ಟು ಸೊಲ್ಲಾಪುರಕ್ಕೆ ಓಡಿದ ಕುಟುಂಬ ನಮ್ಮದು. ಆಯಿಗೆ ಆಗ ಹತ್ತು ವರ್ಷ. ನವಾಬರ ಕಾಲದ ಸಿಟ್ಟು ಈ ಸಿಹಿಯ ಮೇಲಿದೆ ಎಂದು ನಾವೇ ಅರ್ಥ ಮಾಡಿಕೊಂಡಿದ್ದೆವು. ಪುಣೆಯ ಕನ್ನಡದ ಗೆಳೆಯನೊಬ್ಬನಿಗೆ ಹೇಳಿದರೆ ಅವನೂ, "ಅದು ಹೈದರಾಬಾದಿನದು ಬಿಡು, ನಮ್ಮದಲ್ಲ" ಎಂದ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಅರ್ಧ ಕಿಲೋ ಒಣ ಖುಬಾನಿ ತೊಳೆದು, ಮುಳುಗುವಷ್ಟು ನೀರು ಹಾಕಿ ನೆನೆಯಿಟ್ಟೆ. ಬೀಜ ತೆಗೆಯದ, ಕಂದು ಬಣ್ಣದ, ಕಲ್ಲಿನಂತೆ ಗಟ್ಟಿಯಾದ ಹಣ್ಣು. ಕಿತ್ತಳೆ ಬಣ್ಣದ ಮೆತ್ತನೆಯ ಜರ್ದಾಳು ಇದಕ್ಕೆ ಆಗದು. ಹೊರಗೆ ಘಟ್ಟ ಏರಿ ಬರುವ ರೈಲುಗಳ ಸದ್ದು ಕೇಳುತ್ತಿತ್ತು.

ಗೆಳೆಯ ಹೇಳಿದ 'ನಮ್ಮದಲ್ಲ' ಎಂಬ ಮಾತು ಒಂದು ಲೆಕ್ಕಕ್ಕೆ ನಿಜ. ಈ ಮರಕ್ಕೆ ಚಳಿಗಾಲದ ಕೊರೆಯುವ ಚಳಿ ಬೇಕು. ಅಫ್ಘಾನಿಸ್ತಾನ, ಹುಂಜಾ, ಲಡಾಖ್, ಕಾಶ್ಮೀರಗಳಲ್ಲಿ ಅದು ಬೆಳೆಯುತ್ತದೆ. ಕಲಬುರಗಿಯ ಬಿಸಿಲಿನಲ್ಲಿ ಬೆಳೆಯದು. ಹೆಸರೂ ಹೊರಗಿನದೇ. ಜರ್ದಾಳು ಎಂದರೆ ಪಾರಸಿಯಲ್ಲಿ 'ಹಳದಿ ಆಲೂ', ಅಂದರೆ ಹಳದಿ ಪ್ಲಮ್. ಬಾಬರ್ ತನ್ನ ಆತ್ಮಕಥೆಯಲ್ಲಿ ಫರ್ಗಾನಾ ಕಣಿವೆಯ ಮರ್ಗಿಲಾನದ ಜರ್ದಾಳುವನ್ನು ನೆನೆಯುತ್ತಾನೆ. ಅಲ್ಲಿ ಬೀಜ ತೆಗೆದು ಆ ಜಾಗದಲ್ಲಿ ಬಾದಾಮಿ ತುಂಬಿ ಒಣಗಿಸುತ್ತಿದ್ದರಂತೆ. ಅವನಿಗಿಂತ ಮೊದಲೇ ಇಬ್ನ್ ಬತೂತಾ ಇಂದಿನ ತುರ್ಕಿಯ ಅಂತಾಲ್ಯದಲ್ಲಿ, ಬೀಜದೊಳಗೆ ಸಿಹಿ ತಿರುಳಿರುವ ಜರ್ದಾಳುವನ್ನು ಒಣಗಿಸಿ ಈಜಿಪ್ಟಿಗೆ ಕಳಿಸುವುದನ್ನು ಬರೆದಿದ್ದ. ಒಣಗಿಸಿದರೆ ತಿಂಗಳುಗಟ್ಟಲೆ ಕೆಡದ ಕಾರಣ ಇದು ಹುಟ್ಟಿದ ಊರಿಗಿಂತ ದಾರಿಯಲ್ಲೇ ಹೆಚ್ಚು ಬದುಕಿದ ಹಣ್ಣು.

ಪರ್ಷಿಯಾದಿಂದ ನಮ್ಮ ಸೀಮೆಗೆ ದಾರಿ ಬಹಳ ಹಳೆಯದು. ಬಹಮನಿ ರಾಜ್ಯ 1347ರಲ್ಲಿ ಹುಟ್ಟಿ, ಗುಲ್ಬರ್ಗಾ ಅದರ ರಾಜಧಾನಿಯಾಯಿತು, ಮುಂದೆ ಬೀದರ್. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗೀಲಾನಿನವನು. ಅದೇ ಕಾಲದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಹೋರ್ಮುಜಿನಲ್ಲಿ ಹಡಗು ಹತ್ತಿ, ಮಾರಲು ಒಂದು ಕುದುರೆಯೊಂದಿಗೆ ಚೌಲ್ ಬಂದರಿನಲ್ಲಿ ಇಳಿದ. ಅಲ್ಲಿಂದ ಘಟ್ಟ ಹತ್ತಿ ಇದೇ ಪುಣೆ ಜಿಲ್ಲೆಯ ಜುನ್ನರಿನಲ್ಲಿ ಮಳೆಗಾಲ ಕಳೆದು ಬೀದರ್ ಸೇರಿದ.

ಕುದುರೆ, ಎತ್ತು ಹತ್ತುತ್ತಿದ್ದ ಘಟ್ಟವನ್ನು ನಂತರ ರೈಲು ಹತ್ತಿತು. ಲೋಣಾವಳಾದ ಕೆಳಗಿನ ಭೋರ್ ಘಾಟಿನಲ್ಲಿ 25 ಸುರಂಗ ಕೊರೆದು ಹಾಕಿದ ದಾರಿ 1863ರಲ್ಲಿ ತೆರೆಯಿತು. ಗುತ್ತಿಗೆ ಹಿಡಿದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ಇಲ್ಲಿಗೆ ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡಾಗ, ಹೆಂಡತಿ ಆಲಿಸ್ ಗುತ್ತಿಗೆ ಬಿಡದೆ ಕೆಲಸ ಮುಂದುವರಿಸಿದಳು. ಕಾಲರಾ, ಅಪಘಾತಗಳಲ್ಲಿ ಸಾವಿರಾರು ಕೂಲಿಗಳು ಸತ್ತರು. ಊರಿನ ಹೆಸರಾದ ಚಿಕ್ಕಿ ಕೂಡ ಆ ಕೂಲಿಗಳಿಗೆಂದು ಮಾಡಿದ ಬೆಲ್ಲ-ಶೇಂಗಾದಿಂದ ಬಂತು ಎನ್ನುತ್ತಾರೆ. ಹಳಿ 1860ಕ್ಕೇ ಸೊಲ್ಲಾಪುರ ಮುಟ್ಟಿತ್ತು. 1870ರ ಸುಮಾರಿಗೆ ಗುಲ್ಬರ್ಗಾಕ್ಕೆ ಬಂತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಓಡಿತು. ಬೊಂಬಾಯಿ ಬಂದರಿಗೂ ಹೈದರಾಬಾದಿನ ಅಂಗಡಿಗೂ ನಡುವೆ ನಮ್ಮೂರು ಒಂದು ನಿಲ್ದಾಣವಾಯಿತು.

ಬೆಳಿಗ್ಗೆ ಹಣ್ಣು ಉಬ್ಬಿತ್ತು. ಬೀಜ ಬಿಡಿಸಿ, ನೆನೆದ ನೀರಿನಲ್ಲೇ ಸಣ್ಣ ಉರಿಯಲ್ಲಿ ಇಟ್ಟೆ. ಕುದಿ ಜೋರಾದರೆ ಹಣ್ಣು ಒಡೆದು ಹಿಟ್ಟಾಗುತ್ತದೆ. ನೀರು ನಡುಗಿದಂತೆ ಕಂಡರೆ ಸಾಕು. ಸಕ್ಕರೆ ಕೊನೆಗೆ. ಮೊದಲೇ ಹಾಕಿದರೆ ಒಣಹಣ್ಣು ನೀರು ಹೀರುವುದನ್ನು ಬಿಟ್ಟು ಬಿಗಿಯುತ್ತದೆ. ಮುಕ್ಕಾಲು ಗಂಟೆಗೆ ಹಣ್ಣು ಬೆಣ್ಣೆಯಾಯಿತು. ಅರ್ಧ ಹಿಸುಕಿ, ಅರ್ಧ ಇಡಿಯಾಗಿ ಬಿಟ್ಟು, 150 ಗ್ರಾಂ ಸಕ್ಕರೆ ಹಾಕಿ ಪಾಕ ಹೊಳೆಯುವವರೆಗೆ ಕಾದೆ.

ಉಳಿದದ್ದು ಬೀಜ. ಅದನ್ನು ಒಡೆದರೆ ಒಳಗೆ ಬಾದಾಮಿಯಂಥ ತಿರುಳು. ಒಂದನ್ನು ಚೀಪಿ ನೋಡಿ, ಕಹಿಯಿದ್ದರೆ ಬಿಸಾಡಬೇಕು. ಕಹಿ ತಿರುಳಿನಲ್ಲಿ ವಿಷವಾಗುವ ಅಂಶವಿರುತ್ತದೆ. ಇವು ಸಿಹಿಯಿದ್ದವು. ಆದರೆ ನಾನು ಹೊಡೆದಂತೆಲ್ಲ ತಿರುಳು ಪುಡಿಯಾಗುತ್ತಿತ್ತು. ಸದ್ದಿಗೆ ಆಯಿ ಒಳಗೆ ಬಂದಳು. ಪಾತ್ರೆ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ.

"ಹಾಂಗಲ್ಲ. ಅಂಚಿನ ಮ್ಯಾಲ ನಿಂದರಿಸಿ ಸಣ್ಣಗ ಹೊಡಿ," ಎಂದು ಕೆಳಗೆ ಕೂತು, ಕಲ್ಲು ಕಸಿದುಕೊಂಡು ಒಂದು ಒಡೆದಳು. ತಿರುಳು ಇಡಿಯಾಗಿ ಬಂತು.

"ಆಯಿ, ನಿನಗ ಹ್ಯಾಂಗ ಗೊತ್ತು?"

"ಬಾಜೂ ಮನಿ ಹುಡುಗಿ, ನಾ, ಇಬ್ಬರೂ ಕೂಡಿ ಒಡೀತಿದ್ವಿ. ಆಕಿ ಅಕ್ಕನ ಶಾದಿಗೆ ಒಂದು ಬುಟ್ಟಿ ಒಡದೀವಿ." ಸ್ವಲ್ಪ ಹೊತ್ತು ಒಡೆದು ಮತ್ತೆ ಹೇಳಿದಳು: "ಸೊಲ್ಲಾಪುರದಿಂದ ತಿರುಗಿ ಬಂದಾಗ ಅವರ ಮನಿ ಬಾಗಿಲಾ ತೆರದೇ ಇತ್ತು. ಒಳಗ ಯಾರೂ ಇದ್ದಿಲ್ಲ."

ನಾನು ಓದಿಕೊಂಡಿದ್ದು ಅರ್ಧ ಕಥೆ. ರಜಾಕಾರರ ಹಾವಳಿಗೆ ಹೆದರಿ ಜನ ಗಡಿ ದಾಟಿದ್ದು, ಸೆಪ್ಟೆಂಬರ್ 13ರಿಂದ 17ರವರೆಗಿನ ಸೈನ್ಯದ ಕಾರ್ಯಾಚರಣೆ, ಈಗ ವರ್ಷವರ್ಷವೂ ಆಚರಿಸುವ ವಿಮೋಚನೆಯ ದಿನ, ಇಷ್ಟು ನಮಗೆ ಶಾಲೆಯಿಂದಲೇ ಗೊತ್ತು. ಅದರ ಬೆನ್ನಿಗೇ ಮುಸ್ಲಿಮರ ಮೇಲೆ ನಡೆದ ಕೊಲೆ, ಲೂಟಿಯನ್ನು ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ತಂಡ ಅದೇ ವರ್ಷದ ಕೊನೆಗೆ ತಿರುಗಾಡಿ ಬರೆದುಕೊಂಡಿತ್ತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆ ಎಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆ ವರದಿ ಬಹಳ ವರ್ಷ ಹೊರಗೆ ಬರಲಿಲ್ಲ. ಆಯಿಯ ಈ ಮಾತೂ ಬಂದಿರಲಿಲ್ಲ.

"ಮತ್ತ ಇಷ್ಟು ವರ್ಷ ಯಾಕ ಬ್ಯಾಡ ಅಂದಿ?"

"ಯಾರ ಕೂಡ ತಿನ್ಲಿ?" ಎಂದಳು.

ಮಧ್ಯಾಹ್ನ ಹೋಳಿಗೆಯ ಪಕ್ಕದಲ್ಲಿ ಗಾಜಿನ ಬಟ್ಟಲುಗಳಲ್ಲಿ ಖುಬಾನಿ ಬಡಿಸಿದೆ. ಮೇಲೆ ತಣ್ಣಗಿನ ಕೆನೆ, ಅದರ ಮೇಲೆ ಆಯಿ ಒಡೆದ ತಿರುಳು. ಅಪ್ಪ ಆಕೆಯ ಎದುರಿಗೇ ಎರಡನೆಯ ಬಟ್ಟಲು ಕೇಳಿದರು. ಈ ಸಿಹಿ ನಮ್ಮದೋ ಅಲ್ಲವೋ ಎಂದು ಯಾರಾದರೂ ಕೇಳಿದರೆ ಇನ್ನು ನಾನು ಮರ ಎಲ್ಲಿಯದು, ರಾಜ ಯಾರು ಎಂಬ ಲೆಕ್ಕ ತೆಗೆಯುವುದಿಲ್ಲ. ಬೀಜ ಒಡೆಯಲು ಯಾರು ಯಾರು ಕೂಡಿ ಕೂತಿದ್ದರು ಎಂದು ಹೇಳುತ್ತೇನೆ.

ಆಯಿ ಎರಡು ಚಮಚ ತಿಂದು ಹಣ್ಣು ಸಾಕೆಂದಳು. ತಿರುಳು ಮಾತ್ರ ಇನ್ನೆರಡು ಕೇಳಿ ತೆಗೆದುಕೊಂಡಳು.