ಹೆಸರು ಕಳೆದ ಚಿತ್ರಗಳು

ತರ್ಕಶಾಸ್ತ್ರವು ಪ್ರತ್ಯಕ್ಷಜ್ಞಾನವನ್ನು ಎರಡು ಬಗೆಯಾಗಿ ವಿಂಗಡಿಸುವುದು. ಹೆಸರು, ಜಾತಿ ಮೊದಲಾದುವುಗಳ ಸಂಬಂಧವಿಲ್ಲದೆ 'ಏನೋ ಒಂದು ಇದೆ' ಎಂದು ತೋರುವುದು ನಿರ್ವಿಕಲ್ಪಕ. 'ಈತನು ದೇವದತ್ತ' ಎಂದು ತಿಳಿಯುವುದು ಸವಿಕಲ್ಪಕ. ಛಾಯಾಚಿತ್ರವು ನಿರ್ವಿವಾದವಾದ ಸಾಕ್ಷಿಯೆಂದು ಲೋಕವು ನಂಬಿದೆ. ಆದರೆ ಹೆಸರು ಕಳೆದುಹೋದ ಚಿತ್ರವು ಮೊದಲನೆಯ ಬಗೆಯ ಜ್ಞಾನವನ್ನು ಮಾತ್ರ ಕೊಡಬಲ್ಲುದು. ಈ ಭೇದವು ಒಂದು ಜನದ ಬಾಳಿನ ಪ್ರಶ್ನೆಯೇ ಆಗಬಹುದೆಂಬುದಕ್ಕೆ ಪ್ಯಾಲೆಸ್ತೀನಿಯರ ಇತಿಹಾಸವು ನಿದರ್ಶನವಾಗಿದೆ.

19ನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಫ್ರಿತ್ ಮೊದಲಾದವರು ಆ ದೇಶಕ್ಕೆ ಕ್ಯಾಮರಾವನ್ನು ತಂದರು. 1867ರಲ್ಲಿ ಬೋನ್‌ಫೀಸ್ ಮನೆತನದವರು ಬೇರೂತಿನಲ್ಲಿ ಚಿತ್ರಶಾಲೆಯನ್ನು ತೆರೆದರು. ಇಂಥ ಚಿತ್ರಗಳನ್ನು ಕೊಳ್ಳುತ್ತಿದ್ದ ಐರೋಪ್ಯರಿಗೆ ಬೇಕಾದುದು ಬೈಬಲಿನ ಪುಣ್ಯಭೂಮಿ. ಆದುದರಿಂದ ಬಾವಿಯ ಬಳಿ ಕೊಡ ಹಿಡಿದು ನಿಂತವಳು ಪ್ರಾಚೀನ ಕಥೆಯ ಸ್ತ್ರೀಯಂತೆ ತೋರಿದರೆ ಸಾಕಾಗಿತ್ತು. ಅವಳ ಊರು ಯಾವುದು, ಮನೆತನ ಯಾವುದು ಎಂದು ಬರೆದಿಡುವ ಪರಿಪಾಟಿಯಿರಲಿಲ್ಲ.

ಈ ಕೊರತೆಯನ್ನು ತುಂಬಿದವರು ಅಲ್ಲಿಯೇ ನೆಲೆಸಿದ್ದ ಚಿತ್ರಗಾರರು. ಖಲೀಲ್ ರಾದ್ ಎಂಬವರು ಜೆರೂಸಲೇಮಿನ ಯಾಫಾ ರಸ್ತೆಯಲ್ಲಿ ಅಂಗಡಿ ಹೂಡಿ ಹಲವು ದಶಕಗಳ ಕಾಲ ಆ ನಾಡಿನ ಊರು, ಕೃಷಿ, ಸಂಸಾರಗಳನ್ನು ಚಿತ್ರಿಸಿದರು. 1940ರಲ್ಲಿ ತೀರಿಕೊಂಡ ಕರೀಮಾ ಅಬ್ಬೂದ್ ಎಂಬಾಕೆ ಮನೆಗಳಿಗೇ ಹೋಗಿ ಸ್ತ್ರೀಯರ, ಮಕ್ಕಳ ಚಿತ್ರಗಳನ್ನು ತೆಗೆದು, ಅವುಗಳ ಮೇಲೆ ತನ್ನ ಹೆಸರಿನ ಮುದ್ರೆಯನ್ನೊತ್ತುತ್ತಿದ್ದಳು. ಆ ಚಿತ್ರಗಳಿಗೆ ವಿವರಣೆಯೇ ಬೇಕಿರಲಿಲ್ಲ. ಗೋಡೆಯಲ್ಲಿ ತೂಗಿದವರು ಯಾರೆಂಬುದನ್ನು ಮನೆಯ ಮಕ್ಕಳೂ ಬಲ್ಲರು.

1948ರ ಯುದ್ಧದಲ್ಲಿ ಆ ಗೋಡೆಗಳೂ ಹೋದುವು, ಬಲ್ಲವರೂ ಚದರಿದರು. 7 ಲಕ್ಷಕ್ಕೂ ಹೆಚ್ಚು ಜನರು ಮನೆ ತೊರೆದರು. 400ಕ್ಕೂ ಮಿಕ್ಕ ಗ್ರಾಮಗಳು ಬರಿದಾದುವು. ರಾದ್ ಅವರ ಅಂಗಡಿಯೂ ಹಾಳಾಯಿತು. ಇಟಲಿಯ ಯುವಕ ಮಿತ್ರನೊಬ್ಬನು ಜೀವದ ಹಂಗು ತೊರೆದು ಅವರ ಗಾಜಿನ ಫಲಕಗಳನ್ನು ಹೊರತಂದುದರಿಂದ ಅವು ಉಳಿದುವು.

1950ರಲ್ಲಿ ಕಾರ್ಯಾರಂಭ ಮಾಡಿದ ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆಯು ಗುಡಾರಗಳನ್ನೂ, ಪಡಿಗಾಗಿ ನಿಂತ ಸಾಲುಗಳನ್ನೂ ಚಿತ್ರಿಸುತ್ತ ಬಂದಿತು. ಸುಮಾರು 5 ಲಕ್ಷ ಚಿತ್ರಗಳ ಆ ಭಂಡಾರವನ್ನು 2009ರಲ್ಲಿ ಯುನೆಸ್ಕೋ ಲೋಕಸ್ಮೃತಿಯ ಪಟ್ಟಿಗೆ ಸೇರಿಸಿತು. ಅದರ ಉಪಕಾರವು ದೊಡ್ಡದು. ಆದರೂ ಅಲ್ಲಿ 'ನಿರಾಶ್ರಿತ'ನೆಂಬ ಜಾತಿಯು ಪ್ರಕಾಶವಾದಷ್ಟು ವ್ಯಕ್ತಿಯು ಪ್ರಕಾಶನಾಗಲಿಲ್ಲ.

1983ರಲ್ಲಿ ಜಿನೀವಾ ನಗರದಲ್ಲಿ ಪ್ಯಾಲೆಸ್ತೀನ್ ಪ್ರಶ್ನೆಯನ್ನು ಕುರಿತು ವಿಶ್ವಸಂಸ್ಥೆಯ ಸಮ್ಮೇಳನವು ಸೇರಿತು. ಜೆರೂಸಲೇಮಿನಲ್ಲಿ ಹುಟ್ಟಿ ಅಮೆರಿಕಾದಲ್ಲಿ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ಸಯೀದರ ಸಲಹೆಯಂತೆ, ಸ್ವಿಸ್ ಚಿತ್ರಗಾರ ಜಾನ್ ಮೋರ್ ತೆಗೆದ ಚಿತ್ರಗಳನ್ನು ಸಭಾದ್ವಾರದಲ್ಲಿ ತೂಗುಹಾಕಲು ಒಪ್ಪಿಗೆ ದೊರೆಯಿತು. ಆದರೆ ಕೆಲವು ರಾಜ್ಯಗಳ ಆಕ್ಷೇಪದಿಂದಾಗಿ, ಸ್ಥಳದ ಅಥವಾ ದೇಶದ ಹೆಸರಿನ ಹೊರತು ಒಂದಕ್ಷರವನ್ನೂ ಬರೆಯಕೂಡದೆಂದು ವಿಧಿಸಲಾಯಿತು. ರೂಪಕ್ಕೆ ಹೆದರದವರು ಮಾತಿಗೆ ಹೆದರಿದರು!

ಅಲ್ಲಿ ತಡೆದ ಮಾತನ್ನು ಸಯೀದರು ಮೋರ್ ಅವರ ಚಿತ್ರಗಳೊಡನೆ 1986ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅದರಲ್ಲೊಂದು ಪ್ರಸಂಗವುಂಟು. ಅಮ್ಮಾನಿನಲ್ಲಿ ತೆಗೆದ ಒಬ್ಬ ವೃದ್ಧೆಯ ಮುಖವನ್ನು ಅವರು ತಮ್ಮ ಜನದ ಗೃಹಜೀವನದ ಪ್ರತೀಕವೆಂದು ಭಾವಿಸಿದ್ದರು. ಆ ಚಿತ್ರವನ್ನು ಕಂಡ ಅವರ ಸೋದರಿಯಾದರೋ ಆಕೆಯ ಹೆಸರನ್ನೇ ಹೇಳಿದಳು. ಆಕೆ ಅವರ ಬಂಧುವರ್ಗದವಳೇ ಆಗಿದ್ದಳು. ಪ್ರತೀಕವಾಗಿದ್ದವಳು ಒಂದು ಮಾತಿನಿಂದ ನೆಂಟಳಾದಳು.

ಇಂಥ ಸೋದರಿಯರು ಎಷ್ಟು ಕಾಲ ಇದ್ದಾರು? 1948ರಲ್ಲಿ 10 ವರ್ಷದವರಾಗಿದ್ದವರು ಈಗ 85ನ್ನು ದಾಟಿದ್ದಾರೆ. 2023ರಲ್ಲಿ ಆರಂಭವಾದ ಗಾಜಾ ಯುದ್ಧದಲ್ಲಿ ಅಲ್ಲಿಯ ಬಹುಪಾಲು ಜನರು ಮತ್ತೆ ಮನೆ ಬಿಟ್ಟರು. ಮನೆಗಳೊಡನೆ ಮನೆಯ ಚಿತ್ರಗಳೂ ಎಷ್ಟೋ ಹೋಗಿರಬೇಕು. ಉಳಿದ ಚಿತ್ರಗಳನ್ನು ವೃದ್ಧರ ಮುಂದಿಟ್ಟು, 'ಇವರು ಯಾರು, ಯಾವ ಊರಿನವರು' ಎಂದು ಕೇಳಿ ಬರೆದಿಡುವ ಕೆಲಸಕ್ಕೆ ಹೆಚ್ಚು ಕಾಲಾವಕಾಶವಿಲ್ಲ.