ಬ್ರೇಕಿನ ಗಾಳಿ ತೆಗೆಯುವುದು: ಯಂತ್ರಚರಿತ್ರೆಯಲ್ಲಿ ಒಂದು ವಿಚಾರ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ನಿರ್ಮಿಸಿದವರ ಹೆಸರನ್ನೂ ವರ್ಷವನ್ನೂ ಹೇಳಿ ಮುಂದೆ ಸಾಗುತ್ತಾರೆ. ಆ ಯಂತ್ರವನ್ನು ದಿನದಿನವೂ ನಂಬಿಕೆಗೆ ಅರ್ಹವಾಗಿ ಉಳಿಸಿದವರ ದುಡಿಮೆಯು ಅವರ ಪುಟಗಳಲ್ಲಿ ಕಾಣುವುದು ಅಪರೂಪ. ಹಳೆಯ ಮೋಟಾರು ಕಾರುಗಳ ದ್ರವಚಾಲಿತ ಬ್ರೇಕನ್ನು ನಿದರ್ಶನವಾಗಿಟ್ಟುಕೊಂಡು ಈ ಕೊರತೆಯನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದೆಂಬ ತತ್ತ್ವವನ್ನು ಫ್ರಾನ್ಸಿನ ಬ್ಲೇಸ್ ಪಾಸ್ಕಲನು ನಿರೂಪಿಸಿದನು. ಅವನ ಗ್ರಂಥವು ಮರಣಾನಂತರ 1663ರಲ್ಲಿ ಪ್ರಕಟವಾಯಿತು. ಈ ತತ್ತ್ವವನ್ನು ಮೋಟಾರಿನ ಬ್ರೇಕಿಗೆ ಅನ್ವಯಿಸಿ ಅಮೆರಿಕದ ಮಾಲ್ಕಮ್ ಲಾಕ್‌ಹೀಡನು 1917ರಲ್ಲಿ ಪೇಟೆಂಟು ಪಡೆದನು. 1921ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಇಂಥ ಬ್ರೇಕು ಬಂದಿತು. 1924ರ ಕ್ರೈಸ್ಲರ್ ಅದನ್ನು ಮಧ್ಯಮ ಬೆಲೆಯ ಕಾರಿಗೂ ತಂದಿತು. ಆದರೆ ಫೋರ್ಡ್ ಕಾರುಗಳಲ್ಲಿ ಉಕ್ಕಿನ ಕಂಬಿಗಳೇ ಬಹುಕಾಲ ಉಳಿದು, 1939ರ ಮಾದರಿಗಳಲ್ಲಷ್ಟೇ ದ್ರವಕ್ಕೆ ಎಡೆ ದೊರೆಯಿತು.

ಈ ಸಂಕೋಚವನ್ನು ಕೇವಲ ಹಟವೆನ್ನುವುದು ನ್ಯಾಯವಲ್ಲ. ಕಂಬಿಯು ಕಣ್ಣಿಗೆ ಕಾಣುತ್ತದೆ. ಕೊಳವೆಯೊಳಗಿನ ದ್ರವವು ಕಾಣುವುದಿಲ್ಲ. ಒತ್ತಿದರೆ ದ್ರವವು ಕುಗ್ಗುವುದು ಅತ್ಯಲ್ಪ. ಗಾಳಿಯಾದರೋ ಸುಲಭವಾಗಿ ಕುಗ್ಗುತ್ತದೆ. ಕೊಳವೆಗೆ ಗಾಳಿ ಸೇರಿತೆಂದರೆ ಪೆಡಲಿನ ಚಲನೆಯು ಆ ಗಾಳಿಯನ್ನು ಅದುಮುವುದರಲ್ಲಿಯೇ ಮುಗಿದು, ಚಕ್ರಕ್ಕೆ ಸಾಕಷ್ಟು ಒತ್ತಡ ಮುಟ್ಟದು. ಅಂದಿನ ಬಹುಪಾಲು ಕಾರುಗಳಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ದ್ರವಮಾರ್ಗವಿದ್ದುದರಿಂದ ಒಂದೆಡೆಯ ದೋಷವು ಇಡೀ ವಾಹನದ ದೋಷವಾಗುತ್ತಿತ್ತು.

ಇದಕ್ಕೆ ಪರಿಹಾರವು ಇಬ್ಬರು ಕೂಡಿ ಮಾಡುವ ಸರಳ ಕೆಲಸ. ಒಬ್ಬನು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯುವನು. ಇನ್ನೊಬ್ಬನು ಚಕ್ರದ ಬಳಿಯ ಸಣ್ಣ ತಿರುಪನ್ನು ಸಡಿಲಿಸಿ, ರಬ್ಬರು ನಳಿಗೆಯ ಮೂಲಕ ದ್ರವವನ್ನು ಗಾಜಿನ ಸೀಸೆಗೆ ಬಿಡುವನು. ತಿರುಪನ್ನು ಬಿಗಿದ ಮೇಲೆಯೇ ಪೆಡಲಿನಿಂದ ಕಾಲು ತೆಗೆಯಬೇಕು. ಇಲ್ಲವಾದರೆ ಗಾಳಿಯು ಮತ್ತೆ ಒಳಹೊಗುವುದು. ಸಾಮಾನ್ಯವಾಗಿ ಅತಿ ದೂರದ ಚಕ್ರದಿಂದ ಆರಂಭಿಸಿ, ದ್ರವದ ಪಾತ್ರೆ ಬರಿದಾಗದಂತೆ ತುಂಬುತ್ತ, ಸೀಸೆಯಲ್ಲಿ ಗುಳ್ಳೆಗಳು ನಿಲ್ಲುವವರೆಗೂ ಹೀಗೆ ಮಾಡುವರು. ಕಾಣದ ದ್ರವದ ಸ್ಥಿತಿಯನ್ನು ಕಣ್ಣಿಗೆ ಕಾಣಿಸುವುದು ಆ ಸೀಸೆಯೇ.

ಒಂದೆಡೆ ದ್ರವ ಸೋರಿದರೂ ಬ್ರೇಕಿನ ಒಂದಂಶವಾದರೂ ಉಳಿಯಬೇಕೆಂಬ ನಿಯಮವು ಅಮೆರಿಕದ ಹೊಸ ಕಾರುಗಳಿಗೆ ಜಾರಿಗೆ ಬಂದುದು 1968ರಲ್ಲಿ. ಅದಕ್ಕೂ ಮುನ್ನಿನ ಅರ್ಧ ಶತಮಾನವನ್ನು ಪೇಟೆಂಟುಗಳಿಂದಷ್ಟೇ ಅರಿಯಲಾಗದು. ಪಾಸ್ಕಲನ ತತ್ತ್ವವು ರಸ್ತೆಯ ಮೇಲೆ ನಿಜವಾಗಿ ಉಳಿದುದು, ಪೆಡಲಿನ ಬಳಿ ಒಬ್ಬನೂ ಚಕ್ರದ ಬಳಿ ಇನ್ನೊಬ್ಬನೂ ತಾಳ್ಮೆಯಿಂದ ದುಡಿದುದರಿಂದ. ಈ ದುಡಿಮೆಗೂ ಚರಿತ್ರೆಯಲ್ಲಿ ಸ್ಥಾನವಿರಬೇಕೆಂದು ನಾವು ಭಾವಿಸುತ್ತೇವೆ.